ಬಿದ್ದ ಕತ್ತಿ, ಸುಡುವ ಮಂತ್ರ: ಫ್ಯಾಂಟಸಿ ಗೇಮ್ ರಸಿಕರಿಗೊಂದು ಕೈಪಿಡಿ

ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಗೇಮ್‌ಗಳಲ್ಲಿ ರಾಕ್ಷಸ ಸತ್ತಾಗ ನೆಲಕ್ಕೆ ಬೀಳುವ ಕತ್ತಿ, ಉಂಗುರ, ಔಷಧಿ, ಹೊನ್ನು ಎಲ್ಲಕ್ಕೂ ಸೇರಿ ಲೂಟ್ ಎಂದು ಹೆಸರು. ಬೆಂಕಿ, ಹಿಮ, ಸಿಡಿಲು, ವಿಷಗಳನ್ನು ಆಧರಿಸಿದ ಮಂತ್ರವಿದ್ಯೆ ಎಲಿಮೆಂಟಲ್ ಮ್ಯಾಜಿಕ್. ಹೊಸದಾಗಿ ಆಡುವವರಿಗೆ ಮೊದಲನೆಯದು ಬರೀ ಬಹುಮಾನವೆಂದೂ ಎರಡನೆಯದು ಬರೀ ಅಲಂಕಾರವೆಂದೂ ತೋರುತ್ತದೆ. ಚೆನ್ನಾಗಿ ಕಟ್ಟಿದ ಗೇಮ್‌ನಲ್ಲಿ ಇವೆರಡೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಮಂತ್ರದ ನಿಯಮ ಲೂಟ್‌ಗೆ ಬೆಲೆ ಕಟ್ಟುತ್ತದೆ, ಲೂಟ್ ಮಂತ್ರ ಬಳಸುವ ರೀತಿಯನ್ನೇ ಬದಲಿಸುತ್ತದೆ. ರಸಿಕರು ಮೊದಲು ಹುಡುಕಬೇಕಾದದ್ದು ಈ ಕೊಂಡಿಯನ್ನು.

ಲೂಟ್‌ನ ಬೇರು ಕಂಪ್ಯೂಟರ್ ಗೇಮ್‌ಗಳ ಹೊರಗಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ನಲ್ಲಿ ಮೇಜಿನ ಸುತ್ತ ಕುಳಿತವರು ದಾಳ ಉರುಳಿಸಿ, ಪಟ್ಟಿ ನೋಡಿ, ನಿಧಿಯಲ್ಲಿ ಏನಿದೆಯೆಂದು ತಿಳಿಯುತ್ತಿದ್ದರು. ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದು ಅನುಭವದ ಅಂಕ ಸಿಗುತ್ತಿತ್ತು. ಹಾಗಾಗಿ ಡ್ರ್ಯಾಗನ್ ಜೊತೆ ಕಾದಾಡಿ ಸಾಯುವುದಕ್ಕಿಂತ ಅದು ನಿದ್ದೆಯಲ್ಲಿರುವಾಗ ನಿಧಿ ಸಾಗಿಸುವುದೇ ಜಾಣತನವಾಯಿತು. ಲೂಟ್ ಲೆಕ್ಕ ಹಾಕುವ ಒಂದೇ ನಿಯಮದಿಂದ ಆಟದ ಸ್ವಭಾವವೇ ತಿರುಗಿತು. 1980ರ ‘ರೋಗ್’ ಇನ್ನೊಂದು ಹೆಜ್ಜೆ ಇಟ್ಟಿತು: ಸಿಕ್ಕ ಔಷಧಿಯ ಬಣ್ಣ ಮಾತ್ರ ಕಾಣುತ್ತದೆ, ಗುಣ ತಿಳಿಯಬೇಕಾದರೆ ಸಾಮಾನ್ಯವಾಗಿ ಕುಡಿದೇ ನೋಡಬೇಕು. ಆ ಬಣ್ಣಗಳೂ ಪ್ರತಿ ಆಟಕ್ಕೆ ಅದಲುಬದಲಾಗುತ್ತವೆ.

ಇಂದಿನ ಲೂಟ್‌ನ ವ್ಯಾಕರಣ ಗಟ್ಟಿಯಾದದ್ದು 2000ರಲ್ಲಿ ಬಂದ ‘ಡಯಾಬ್ಲೊ 2’ರಲ್ಲಿ. ಅಲ್ಲಿ ರಾಕ್ಷಸ ಸತ್ತ ಕ್ಷಣದಲ್ಲಿ ತೆರೆಯ ಹಿಂದೆ ದಾಳ ಹಲವು ಸಲ ಉರುಳುತ್ತದೆ. ಏನಾದರೂ ಬೀಳಬೇಕೇ, ಬಿದ್ದರೆ ಯಾವ ಜಾತಿಯ ವಸ್ತು, ಅದರ ದರ್ಜೆ ಯಾವುದು ಎಂಬುದು ಒಂದಾದ ಮೇಲೊಂದು ತೀರ್ಮಾನವಾಗುತ್ತದೆ. ಮಾಂತ್ರಿಕ ವಸ್ತುವಿನ ಹೆಸರು ನೀಲಿ ಅಕ್ಷರದಲ್ಲಿ, ಅಪರೂಪದ್ದು ಹಳದಿಯಲ್ಲಿ, ಜೊತೆಗೂಡಿಸಿ ತೊಡುವ ಸೆಟ್ ಹಸಿರಿನಲ್ಲಿ, ಏಕಮಾತ್ರವೆನಿಸಿದ್ದು ಹೊಂಬಣ್ಣದಲ್ಲಿ. ನೀಲಿ ವಸ್ತುವಿನ ಹೆಸರಿಗೆ ಹಿಂದೊಂದು ಮುಂದೊಂದು ಗುಣ ಅಂಟಿಕೊಳ್ಳಬಹುದು. ಹಳದಿಗೆ ಎರಡೂ ಕಡೆ ಸೇರಿ ಆರರವರೆಗೆ. ‘ಕ್ರೂಯೆಲ್ ಕೊಲೋಸಸ್ ಬ್ಲೇಡ್ ಆಫ್ ಕ್ವಿಕ್‌ನೆಸ್’ ಎಂಬ ಕತ್ತಿಯನ್ನೇ ತೆಗೆದುಕೊಳ್ಳಬಹುದು. ‘ಕ್ರೂಯೆಲ್’ ಎಂದರೆ ಪೆಟ್ಟಿನ ಬಲ ಶೇ 201ರಿಂದ 300ರವರೆಗೆ ಹೆಚ್ಚು, ‘ಕ್ವಿಕ್‌ನೆಸ್’ ಎಂದರೆ ಬೀಸುವ ವೇಗ ಶೇ 40 ಹೆಚ್ಚು. ಹೆಸರು ಓದಲು ಬಂದವನಿಗೆ ಅಂಕಿ ನೋಡುವ ಮೊದಲೇ ಕತ್ತಿಯ ಯೋಗ್ಯತೆ ತಿಳಿಯುತ್ತದೆ. ದರ್ಜೆಯಲ್ಲಿ ಕೆಳಗಿದ್ದರೂ ಈ ನೀಲಿ ಕತ್ತಿ ಎಷ್ಟೋ ಹಳದಿ ಕತ್ತಿಗಳನ್ನು ಮೀರಿಸುತ್ತದೆ. ಬಣ್ಣ ಭರವಸೆಯನ್ನಷ್ಟೇ ಕೊಡಬೇಕು, ತೀರ್ಪು ಆಟಗಾರನದೇ ಆಗಿರಬೇಕು. ಒಳ್ಳೆಯ ವಿನ್ಯಾಸದ ಮೊದಲ ಗುರುತು ಇದು.

ಇನ್ನೊಂದು ಗುರುತು ಚೀಲದಲ್ಲಿದೆ. ಇದೇ ಗೇಮ್‌ನಲ್ಲಿ ಆಟಗಾರ ಹೊರುವ ಚೀಲಕ್ಕೆ 40 ಚೌಕಗಳು. ಉಂಗುರಕ್ಕೆ ಒಂದು ಚೌಕ ಸಾಕು, ದೊಡ್ಡ ಕತ್ತಿಗೆ ಎಂಟು ಬೇಕು. 2001ರ ವಿಸ್ತರಣೆಯಲ್ಲಿ ಬಂದ ಚಾರ್ಮ್ ಎಂಬ ತಾಯಿತಗಳು ಚೀಲದಲ್ಲಿ ಇದ್ದಷ್ಟು ಹೊತ್ತು ಬಲ ಕೊಡುತ್ತವೆ, ಆದರೆ ಜಾಗವನ್ನೂ ತಿನ್ನುತ್ತವೆ. ಬಲ ಹೆಚ್ಚಿಸಿಕೊಂಡಷ್ಟೂ ಹೊಸ ಲೂಟ್ ಹೊರುವ ಜಾಗ ಕಡಿಮೆ. ಯಾವುದನ್ನು ಬಿಟ್ಟುಬರಬೇಕು ಎಂದು ಆಟಗಾರ ಒಂದು ಗಳಿಗೆ ನಿಂತು ಯೋಚಿಸುವಂತಾದರೆ ಲೂಟ್ ತನ್ನ ಕೆಲಸ ಮಾಡಿತೆಂದೇ ಅರ್ಥ. ಶಬ್ದವನ್ನೂ ಕಡೆಗಣಿಸಬಾರದು. ಉಂಗುರ ಬಿದ್ದಾಗ ಕೇಳುವ ಸಣ್ಣ ಠಣತ್ಕಾರವನ್ನು ಹಳೆಯ ಆಟಗಾರರು ಗದ್ದಲದ ನಡುವೆಯೂ ಗುರುತಿಸುತ್ತಾರೆ.

ಲೂಟ್‌ಗೂ ಆಟಕ್ಕೂ ಇರುವ ಕೊಂಡಿ ಕಳಚಿದರೆ ಏನಾಗುತ್ತದೆಂಬುದಕ್ಕೆ 2012ರ ‘ಡಯಾಬ್ಲೊ 3’ ಉದಾಹರಣೆ. ಅದರಲ್ಲಿ ವಸ್ತುಗಳನ್ನು ಹರಾಜುಕಟ್ಟೆಯಲ್ಲಿ, ನಿಜವಾದ ಹಣಕ್ಕೂ, ಮಾರಿ ಕೊಳ್ಳುವ ಅವಕಾಶವಿತ್ತು. ರಾಕ್ಷಸರನ್ನು ಬೇಟೆಯಾಡುವುದಕ್ಕಿಂತ ಹರಾಜಿನಲ್ಲಿ ಕೊಳ್ಳುವುದೇ ಸುಲಭವಾಗಿ, ಆಟದ ಜೀವವೇ ಸೊರಗಿತು. ಗೇಮ್ ತಯಾರಿಸಿದ ಬ್ಲಿಝಾರ್ಡ್ ಸಂಸ್ಥೆಯೇ ಇದನ್ನು ಒಪ್ಪಿಕೊಂಡು 2014ರ ಮಾರ್ಚ್‌ನಲ್ಲಿ ಹರಾಜುಕಟ್ಟೆಯನ್ನು ಮುಚ್ಚಿತು. ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳದು ಇದಕ್ಕಿಂತ ಕೆಟ್ಟ ಕಥೆ. ಬೆಲ್ಜಿಯಂ 2018ರಲ್ಲಿ ಅವನ್ನು ಜೂಜಿನ ಕಾನೂನಿನ ವ್ಯಾಪ್ತಿಗೆ ತಂದಿತು. ಆಡಿ ಗಳಿಸಿದ ವಸ್ತುವಿಗೂ ಜೇಬು ಬಿಚ್ಚಿ ಪಡೆದ ವಸ್ತುವಿಗೂ ಇರುವ ವ್ಯತ್ಯಾಸವನ್ನು ರಸಿಕರು ಎಂದೂ ಮರೆಯಬಾರದು.

ಎಲಿಮೆಂಟಲ್ ಮ್ಯಾಜಿಕ್‌ಗೆ ಬಂದರೆ ಪರೀಕ್ಷೆ ಸರಳ. ಮಂತ್ರಗಳ ಹೆಸರನ್ನೂ ಬಣ್ಣವನ್ನೂ ಅಳಿಸಿಬಿಟ್ಟರೂ ಯಾವುದು ಬೆಂಕಿ, ಯಾವುದು ಹಿಮ ಎಂದು ಪರಿಣಾಮದಿಂದಲೇ ಹೇಳಬಹುದೇ? ಪಂಚಭೂತಗಳ ಕಲ್ಪನೆಯಲ್ಲಿ ಬೆಳೆದ ಓದುಗರಿಗೆ ಬೆಂಕಿ-ನೀರಿನ ವೈರ ಹೊಸದಲ್ಲ. ಆದರೆ ಗೇಮ್‌ನಲ್ಲಿ ತತ್ತ್ವಕ್ಕಿಂತ ನಡತೆ ಮುಖ್ಯ. ‘ಡಯಾಬ್ಲೊ 2’ ಇಲ್ಲಿ ಚೆನ್ನಾಗಿ ಪಾಸಾಗುತ್ತದೆ. ಸಿಡಿಲಿನ ಪೆಟ್ಟು ಅತಿ ಕಡಿಮೆಯಿಂದ ಅತಿ ಹೆಚ್ಚಿನವರೆಗೆ ಹೇಗೆಂದರೆ ಹಾಗೆ ಹೊಯ್ದಾಡುತ್ತದೆ, ವಿಷ ನಿಧಾನವಾಗಿ ತಿನ್ನುತ್ತದೆ, ಹಿಮ ಶತ್ರುವಿನ ನಡೆಯನ್ನು ಕುಂಠಿಸುತ್ತದೆ. ಹೆಪ್ಪುಗಟ್ಟಿ ಸತ್ತ ರಾಕ್ಷಸ ಚೂರುಚೂರಾದರೆ ಶವ ಉಳಿಯುವುದಿಲ್ಲ, ಆದ್ದರಿಂದ ಸತ್ತವರನ್ನು ಎಬ್ಬಿಸುವ ಶತ್ರು ಮಾಂತ್ರಿಕನಿಗೆ ಎಬ್ಬಿಸಲು ಯಾರೂ ಸಿಗುವುದಿಲ್ಲ.

ಮಂತ್ರ ಮತ್ತು ಲೂಟ್ ಕೈಜೋಡಿಸುವುದು ಪ್ರತಿರೋಧದ, ಅಂದರೆ ಮಂತ್ರದ ಪೆಟ್ಟನ್ನು ತಗ್ಗಿಸುವ ಶಕ್ತಿಯ, ಲೆಕ್ಕದಲ್ಲಿ. ಈ ಗೇಮ್‌ನ ಕೊನೆಯ ಹಂತವಾದ ‘ಹೆಲ್’ನಲ್ಲಿ ಆಟಗಾರನ ಪ್ರತಿರೋಧದಿಂದ 100 ಅಂಕ ಕಳೆಯಲಾಗುತ್ತದೆ. ಸಾಮಾನ್ಯವಾಗಿ ಏರಿಸಬಹುದಾದ ಗರಿಷ್ಠ ಮಿತಿ ಶೇ 75. ಏನೂ ರಕ್ಷಣೆಯಿಲ್ಲದೆ ಹೋದವನಿಗೆ 100ರ ಬೆಂಕಿಪೆಟ್ಟು 200 ಆಗಿ ಬೀಳುತ್ತದೆ, ಮಿತಿ ಮುಟ್ಟಿದವನಿಗೆ 25 ಮಾತ್ರ. ಇಬ್ಬರ ನಡುವೆ ಎಂಟು ಪಟ್ಟು ಅಂತರ. ಬೆಂಕಿಗೆ 30 ಅಂಕ ಪ್ರತಿರೋಧ ಕೊಡುವ, ನೋಡಲು ಸಪ್ಪೆಯಾದ ಉಂಗುರವನ್ನು ಅನುಭವಿಗಳು ಎತ್ತಿಟ್ಟುಕೊಳ್ಳುವುದು ಇದಕ್ಕೇ. ‘ಹೆಲ್’ನಲ್ಲಿ ಕೆಲವು ರಾಕ್ಷಸರಿಗೆ ಒಂದೊಂದು ಮಂತ್ರಶಕ್ತಿ ತಟ್ಟುವುದೇ ಇಲ್ಲ. ಹಿಮವನ್ನೇ ನಂಬಿದ ಮಾಂತ್ರಿಕೆ ಅಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆಗ ಎರಡನೆಯ ವಿದ್ಯೆ ಕಲಿಯಬಹುದು, ಗೆಳೆಯರನ್ನು ಕರೆಯಬಹುದು, ಇಲ್ಲವೇ ರೂನ್ ಎಂಬ ನಾಲ್ಕು ಮಂತ್ರದ ಕಲ್ಲುಗಳನ್ನು ಕೂರಿಸಿದ ‘ಇನ್ಫಿನಿಟಿ’ ಆಯುಧವನ್ನು ಬಾಡಿಗೆ ಭಟನ ಕೈಗೆ ಕೊಡಬಹುದು. ಅದರ ಪ್ರಭಾವಳಿಗೆ ಸಿಕ್ಕ ಹಲವು ರಾಕ್ಷಸರ ರಕ್ಷಣೆ ಒಡೆಯುತ್ತದೆ. ಮಂತ್ರ ತಂದಿಟ್ಟ ಬಿಕ್ಕಟ್ಟಿಗೆ ಲೂಟ್ ಉತ್ತರವಾಗುತ್ತದೆ.

ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2014ರಲ್ಲಿ ತಂದ ‘ಡಿವಿನಿಟಿ: ಒರಿಜಿನಲ್ ಸಿನ್’ ಲೆಕ್ಕದ ಹಾಳೆಯಲ್ಲಿದ್ದ ಮಂತ್ರವನ್ನು ನೆಲಕ್ಕಿಳಿಸಿತು. ಎಣ್ಣೆ ಚೆಲ್ಲಿದ ಜಾಗಕ್ಕೆ ಕಿಡಿ ಬಿದ್ದರೆ ಅಲ್ಲೆಲ್ಲ ಉರಿ. ಅದರ ಮೇಲೆ ಮಳೆ ಕರೆದರೆ ಉರಿ ಆರಿ ಹಬೆ ಏಳುತ್ತದೆ. ಆ ಹಬೆಗೆ ಸಿಡಿಲು ತಾಕಿಸಿದರೆ ಇಡೀ ಮೋಡವೇ ವಿದ್ಯುತ್ತಿನಿಂದ ತುಂಬುತ್ತದೆ, ಒಳಗಿರುವವರು ಮಿತ್ರರೋ ಶತ್ರುಗಳೋ ಎಂದು ನೋಡುವುದಿಲ್ಲ. ನಿಂತ ನೀರು ಹೆಪ್ಪುಗಟ್ಟಿದರೆ ಕಾಲಿಟ್ಟವರು ಜಾರಿ ಬೀಳುತ್ತಾರೆ. ನಿಯಮ ಎಲ್ಲರಿಗೂ ಒಂದೇ. ಈ ನಿಷ್ಠುರತೆಯಿಂದಲೇ ಗೆಲುವಿಗೆ ರುಚಿ ಬರುತ್ತದೆ.

ನಿಂಟೆಂಡೊ 2017ರಲ್ಲಿ ತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ವಸ್ತು ಯಾವುದರಿಂದ ಮಾಡಿದ್ದು ಎಂಬುದೇ ಮಂತ್ರಕ್ಕೆ ದಾರಿ. ಗುಡುಗು-ಸಿಡಿಲಿನ ಹೊತ್ತಿನಲ್ಲಿ ಕಬ್ಬಿಣದ ಕತ್ತಿ ಹೊತ್ತವನ ಮೇಲೆ ಸಿಡಿಲು ಎರಗುತ್ತದೆ. ಕತ್ತಿಯನ್ನು ಬಿಚ್ಚಿಟ್ಟು ಮರದ ಆಯುಧ ಹಿಡಿಯಬೇಕು, ಅಥವಾ ಅದೇ ಕತ್ತಿಯನ್ನು ಶತ್ರುಗಳ ನಡುವೆ ಎಸೆದು ಸಿಡಿಲನ್ನು ಅತ್ತ ಕಳಿಸಬೇಕು. ಮರದ ಆಯುಧಕ್ಕೆ ಬೆಂಕಿಯ ಭಯ ಬೇರೆ. ಲೂಟ್ ಬೇರೆ, ಮಂತ್ರ ಬೇರೆ ಎಂಬ ಗೆರೆ ಇಲ್ಲಿ ಅಳಿಸಿಹೋಗುತ್ತದೆ. ಈ ಕಲೆಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಕೆಲಸ ಅಪರೂಪ.

ಹೊಸಬರು ‘ಡಯಾಬ್ಲೊ 2’, ‘ಡಿವಿನಿಟಿ’, ‘ಜೆಲ್ಡಾ’ ಈ ಮೂರು ಗೇಮ್‌ಗಳಲ್ಲಿ ಯಾವುದರಿಂದ ಆರಂಭಿಸಿದರೂ ಆದೀತು. 2021ರಲ್ಲಿ ಹೊಸ ರೂಪದಲ್ಲಿ ಬಂದ ‘ಡಯಾಬ್ಲೊ 2: ರಿಸರೆಕ್ಟೆಡ್’ ಇರುವುದರಿಂದ ಹಳೆಯದನ್ನು ಹುಡುಕುವ ತೊಂದರೆಯೂ ಇಲ್ಲ. ಒಂದು ಮಾತು ಮಾತ್ರ: ಮೊದಲ ಸಲ ಆಡುವಾಗ ಇಂಟರ್‌ನೆಟ್‌ನಲ್ಲಿ ಸಿಗುವ ಲೂಟ್ ಪಟ್ಟಿಗಳನ್ನೂ ಸಿದ್ಧ ಸೂತ್ರಗಳನ್ನೂ ನೋಡದಿರಲಿ. ಬಿದ್ದ ವಸ್ತುವನ್ನು ಎತ್ತಿ, ಅದರ ಹೆಸರು ಓದಿ, ತಾವೇ ಬೆಲೆ ಕಟ್ಟಲಿ.