ಅರ್ಧಕ್ಕರ್ಧ ಲೆಕ್ಕದಲ್ಲಿ ಕಳೆದುಹೋಗುವವರು

ಪಿಯು ಫಲಿತಾಂಶ ಬಂದರೆ ದಾವಣಗೆರೆಯ ಮನೆಗಳಲ್ಲಿ ಒಂದೇ ಪ್ರಶ್ನೆ: ಬಿಡಿಟಿಯಲ್ಲಿ ಸೀಟು ಸಿಗುತ್ತದಾ? 1951ರಿಂದ ಇರುವ ಆ ಎಂಜಿನಿಯರಿಂಗ್ ಕಾಲೇಜಿಗೆ ದಾರಿ ಸಿಇಟಿ ರ‍್ಯಾಂಕ್. ಆ ರ‍್ಯಾಂಕನ್ನು ದ್ವಿತೀಯ ಪಿಯು ಭೌತ, ರಸಾಯನ, ಗಣಿತದ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ ಕೊಟ್ಟು ಕಟ್ಟುತ್ತಾರೆ. ನೋಡಲು ನ್ಯಾಯವಾಗಿಯೇ ಇದೆ. ನನ್ನ ತಕರಾರು ಆ ಅರ್ಧದ ಮೇಲೆಯೇ.

ಹರಿಹರದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಪಿಯು ವಿಜ್ಞಾನಕ್ಕೆ ಬಂದಾಗ ಎಲ್ಲವೂ ಇಂಗ್ಲಿಷು. ಲೆಕ್ಕ ತಿಳಿಯುತ್ತದೆ, ಆದರೆ ಪುಟಗಟ್ಟಲೆ ಬರೆಯಲು ಕೈ ಓಡುವುದಿಲ್ಲ. ಪಿಯುನಲ್ಲಿ ಶೇ 60. ಬರೆಯುವ ಹಂಗಿಲ್ಲದ, ಸರಿಯುತ್ತರ ಗುರುತಿಸುವ ಸಿಇಟಿಯಲ್ಲಿ 180ಕ್ಕೆ 120. ಇನ್ನೊಬ್ಬನಿಗೆ ಪಿಯುನಲ್ಲಿ ಶೇ 95, ಸಿಇಟಿಯಲ್ಲಿ 70. ಸೂತ್ರದ ಪ್ರಕಾರ ಮೊದಲನೆಯವನಿಗೆ 63.3, ಎರಡನೆಯವನಿಗೆ 66.9. ಸಿಇಟಿಯಲ್ಲಿ 50 ಅಂಕ ಹೆಚ್ಚು ತೆಗೆದವನು ಹಿಂದೆ ಬೀಳುತ್ತಾನೆ. ಕನ್ನಡ ಮಾಧ್ಯಮದವರಿಗೆ ಶೇ 5, ಗ್ರಾಮೀಣರಿಗೆ ಶೇ 15 ಮೀಸಲು ಇದೆ, ನಿಜ. ಆದರೆ ಅದು ರ‍್ಯಾಂಕ್ ಬಂದ ಮೇಲಿನ ಮಾತು.

ಪಿಯು ಅಂಕವನ್ನು ಪೂರ್ತಿ ಕೈಬಿಡಿ ಎನ್ನಲಾರೆ. ಜಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕೋಚಿಂಗ್ ಇಲ್ಲದೆ ಓದಿದ ಹುಡುಗಿಗೆ ತರಗತಿಯ ದುಡಿಮೆಯೇ ಬಂಡವಾಳ. ಅದನ್ನು ಸೊನ್ನೆ ಮಾಡಿದರೆ ಲಾಭವೆಲ್ಲ ಕೋಚಿಂಗ್ ಕೇಂದ್ರಗಳಿಗೆ.

ಈ ತೂಕ ಎಷ್ಟು ಸೂಕ್ಷ್ಮವೆಂದು 2022 ತೋರಿಸಿತು. ಕೋವಿಡ್‌ನಿಂದ 2021ರಲ್ಲಿ ಪಿಯು ಪರೀಕ್ಷೆಯೇ ನಡೆಯಲಿಲ್ಲ, ರ‍್ಯಾಂಕಿಗೆ ಸಿಇಟಿ ಮಾತ್ರ. ಮರುವರ್ಷ ಸಿಇಟಿಯನ್ನು ಮತ್ತೆ ಬರೆದ ಆ ಮಕ್ಕಳಿಗೆ ಪರೀಕ್ಷೆಯಿಲ್ಲದೆ ಸಿಕ್ಕಿದ್ದ ಪಿಯು ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ರ‍್ಯಾಂಕ್ ಪ್ರಕಟವಾಯಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಅವರ ಒಂದೊಂದು ವಿಷಯದಲ್ಲಿ ಸರಾಸರಿ 6 ಅಂಕ ಕಳೆದು ರ‍್ಯಾಂಕನ್ನು ಹೊಸದಾಗಿ ಕಟ್ಟಬೇಕಾಯಿತು. ಒಂದು ವರ್ಷದ ಶೇ 90, ಇನ್ನೊಂದು ವರ್ಷದ ಶೇ 90ಕ್ಕೆ ಸಮವಲ್ಲ ಎಂದು ಒಪ್ಪಿದ ವ್ಯವಸ್ಥೆ, ಒಬ್ಬ ವಿದ್ಯಾರ್ಥಿಯ ಶೇ 60 ಇನ್ನೊಬ್ಬನ ಶೇ 60ಕ್ಕೆ ಸಮವೇ ಎಂದು ಕೇಳಲಿಲ್ಲ.

ಮೆಚ್ಚಬೇಕಾದದ್ದೂ ಇದೆ. 2024ರಿಂದ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಎಡವಿದವರಿಗೆ ಇಷ್ಟು ದೊಡ್ಡ ಬಾಗಿಲು ಹಿಂದೆ ಇರಲಿಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷದ ಬಿಇಗೆ ಸೇರುವ ದಾರಿಯೂ ಹಳೆಯದು, ಗಟ್ಟಿಯಾದದ್ದು. ದಾವಣಗೆರೆಯ ಡಿಆರ್‌ಆರ್ ಪಾಲಿಟೆಕ್ನಿಕ್‌ನ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು.

ಆದರೂ ರ‍್ಯಾಂಕ್ ಜಾರಿದರೆ ಬಡಮನೆಗೆ ಬೀಳುವ ಹೊರೆ ಬೇರೆಯೇ. ಬಿಡಿಟಿಯ ಅರ್ಧ ಸೀಟುಗಳನ್ನು ಪೇಮೆಂಟ್ ಸೀಟು ಮಾಡಿದ್ದರ ವಿರುದ್ಧ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದದ್ದು ಸುಮ್ಮನೆ ಅಲ್ಲ.

ಪಿಯು ಪಾಲನ್ನು ಅರ್ಧದಿಂದ ಕಾಲಿಗೆ ಇಳಿಸಿ ನೋಡಿ. ಜಗಳೂರಿನ ಹುಡುಗಿಯ ದುಡಿಮೆಗೆ ಆಗಲೂ ಬೆಲೆಯಿದೆ. ಹರಿಹರದ ಹುಡುಗನಿಗೆ 65 ಬರುತ್ತದೆ, ಆ ಇನ್ನೊಬ್ಬನಿಗೆ ಸುಮಾರು 53.