ತಟ್ಟೆಯ ನಡುವಣ ಮುದ್ರೆ

ಹಳೆಯ ಗ್ರಾಮಾಫೋನು ತಟ್ಟೆಯ ನಡುವೆ ಅಂಗೈಯಗಲಕ್ಕೂ ಕಡಮೆಯಾದ ಒಂದು ದುಂಡು ಕಾಗದವುಂಟು. ಸಂಗೀತ ಕೇಳಲೆಂದು ಕುಳಿತವರು ಅದನ್ನು ನೋಡುವುದು ಮುಳ್ಳನ್ನಿಡುವುದಕ್ಕೆ ಮುಂಚಿನ ಒಂದು ಕ್ಷಣ ಮಾತ್ರ. ತರುವಾಯ ಅದು ಗಿರಗಿರನೆ ತಿರುಗಿ ಕಣ್ಣಿಗೆ ನಿಲುಕದೆ ಹೋಗುತ್ತದೆ. ಆದರೂ ಆ ಕಾಗದದ ಮೇಲಣ ಹೆಸರಿಗಾಗಿ, ಚಿತ್ರಕ್ಕಾಗಿ, ಕಂಪೆನಿಗಳು ನ್ಯಾಯಸ್ಥಾನದ ಮೆಟ್ಟಿಲು ಹತ್ತಿದುವು, ಒಡೆದು ಹೋಳಾದುವು, ಮತ್ತೆ ಕೂಡಿಕೊಂಡುವು. ಗಾಯಕರ ಕಲೆಯನ್ನು ವಿಮರ್ಶಿಸುವ ರಸಿಕರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಆ ಕಲೆಯ ಮೇಲೆ ವಣಿಕನು ಒತ್ತಿದ ಮುದ್ರೆಯನ್ನೂ ಒಂದು ಕೃತಿಯೆಂದೇ ಭಾವಿಸಿ ಅದರ ಗುಣದೋಷಗಳನ್ನು ಪರಿಶೀಲಿಸುವುದು ಅನುಚಿತವಾಗಲಾರದು.

ವೃತ್ತಾಂತವು ಮೊದಲಾಗುವುದು ಒಂದು ಹೆಸರಿನ ನಷ್ಟದಿಂದ. ಹ್ಯಾನೋವರಿನಲ್ಲಿ ಹುಟ್ಟಿ ಅಮೆರಿಕೆಗೆ ವಲಸೆ ಹೋದ ಎಮಿಲ್ ಬರ್ಲಿನರನು, ಎಡಿಸನ್ನನ ಉರುಳೆಗೆ ಪ್ರತಿಯಾಗಿ ಚಪ್ಪಟೆಯ ತಟ್ಟೆಯನ್ನು ಕಲ್ಪಿಸಿ, 1887ರಲ್ಲಿ ಪೇಟೆಂಟು ಪಡೆದು, ತನ್ನ ಯಂತ್ರವನ್ನು ಗ್ರಾಮಾಫೋನೆಂದು ಕರೆದನು. ಯಂತ್ರದಲ್ಲಿದ್ದ ಕೌಶಲ ಅವನಿಗೆ ವ್ಯವಹಾರದಲ್ಲಿರಲಿಲ್ಲ. ಪೇಟೆಂಟಿನ ಒಡೆತನ ವಾಷಿಂಗ್ಟನ್ನಿನ ಕಂಪೆನಿಗೆ, ತಯಾರಿಕೆ ಫಿಲಡೆಲ್ಫಿಯದ ಕಂಪೆನಿಗೆ, ಮಾರಾಟದ ಏಕಾಧಿಕಾರ ನ್ಯೂಯಾರ್ಕಿನ ಫ್ರಾಂಕ್ ಸೀಮನ್ನನಿಗೆ ಎಂದು ಅವನು ಹಂಚಿಕೊಟ್ಟುದರಿಂದ, ಮೂವರಲ್ಲಿ ಯಾರಿಗೂ ಉಳಿದಿಬ್ಬರ ಮೇಲೆ ನಂಬಿಕೆ ನಿಲ್ಲಲಿಲ್ಲ. ಸೀಮನ್ನನು ಜೋನೊಫೋನೆಂಬ ಪ್ರತಿಸ್ಪರ್ಧಿ ಯಂತ್ರವನ್ನು ಎತ್ತಿಕೊಂಡು, ಕೊಲಂಬಿಯ ಕಂಪೆನಿಯೊಡನೆ ಸೇರಿ, 1900ರಲ್ಲಿ ನ್ಯಾಯಾಲಯದಿಂದ ಪ್ರತಿಬಂಧಕಾಜ್ಞೆ ತಂದನು. ತಾನೇ ಹುಟ್ಟಿಸಿ ಹೆಸರಿಟ್ಟ ಯಂತ್ರವನ್ನು ಆ ಹೆಸರಿನಿಂದ ಆ ದೇಶದಲ್ಲಿ ಮಾರಲು ಬರ್ಲಿನರನಿಗೆ ಅಧಿಕಾರವಿಲ್ಲವಾಯಿತು. ಅವನಿಗೆ ಸ್ಪ್ರಿಂಗಿನ ಮೋಟಾರನ್ನು ತಯಾರಿಸಿಕೊಡುತ್ತಿದ್ದ ಕ್ಯಾಮ್ಡೆನ್ನಿನ ಎಲ್ಡ್ರಿಜ್ ಜಾನ್ಸನ್ನನು ಮುರಿದ ವ್ಯಾಪಾರವನ್ನು ಕೈಗೆತ್ತಿಕೊಂಡು, ತಟ್ಟೆಯ ನಡುವೆ ಕಾಗದದ ಚೀಟಿ ಅಂಟಿಸುವ ಪದ್ಧತಿಯನ್ನು ರೂಢಿಗೆ ತಂದು, 1901ರಲ್ಲಿ ವಿಕ್ಟರ್ ಕಂಪೆನಿಯನ್ನು ಸ್ಥಾಪಿಸಿದನು.

ಸಮುದ್ರದ ಈಚೆ ದಡದಲ್ಲಿ, ಬರ್ಲಿನರನ ಹಕ್ಕುಗಳನ್ನು ಪಡೆದ ಗ್ರಾಮಾಫೋನ್ ಕಂಪೆನಿಯು 1898ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಅದರ ಮೊದಲ ಲಾಂಛನ ರೆಕ್ಕೆಯುಳ್ಳ ಒಂದು ದೇವಶಿಶು: ತಟ್ಟೆಯ ಮೇಲೆ ಕುಳಿತು, ಗರಿಯ ಲೇಖನಿಯಿಂದ ಅದರ ಮೇಲೆ ಗೆರೆಗಳನ್ನು ಬರೆಯುತ್ತಿರುವ ಮುದ್ದು ಬಾಲಕ. ಒಂದೇ ಪಕ್ಕದಲ್ಲಿ ಹಾಡಿದ್ದ ಆ ಕಾಲದ ತಟ್ಟೆಗಳ ಬೋಳು ಬೆನ್ನಿನ ಮೇಲೂ ಈ ಶಿಶುವನ್ನು ಒತ್ತುತ್ತಿದ್ದರು. ಇಷ್ಟು ಸೊಗಸಾದ ಮುದ್ರೆಯಿದ್ದರೂ ಒಡೆಯರಿಗೆ ತಮ್ಮ ಪದಾರ್ಥದಲ್ಲಿ ವಿಶ್ವಾಸ ಸಾಲದು. ಮಾತಾಡುವ ಯಂತ್ರದ ಹುಚ್ಚು ಇಳಿದರೆ ಗತಿಯೇನೆಂದು ಹೆದರಿ, 1900ರ ಕೊನೆಯಲ್ಲಿ ಬೆರಳಚ್ಚಿನ ಯಂತ್ರದ ವ್ಯಾಪಾರವನ್ನೂ ಜತೆಗೂಡಿಸಿಕೊಂಡು, ಗ್ರಾಮಾಫೋನ್ ಅಂಡ್ ಟೈಪ್‌ರೈಟರ್ ಎಂಬ ವಿಚಿತ್ರ ನಾಮಧೇಯವನ್ನು 1907ರವರೆಗೆ ಹೊತ್ತರು. ಗಾಯಕ ಕರೂಸೋನ ಕಂಠವೂ ಬೆರಳಚ್ಚಿನ ಸದ್ದೂ ಒಂದೇ ಸೂರಿನಡಿ ಬಾಳಿದುದು ಹಾಸ್ಯಕ್ಕೆ ಒಳ್ಳೆಯ ವಸ್ತು.

ನಾಯಿಯ ಪ್ರವೇಶವಾಗುವುದು ಇಲ್ಲಿ. ಫ್ರಾನ್ಸಿಸ್ ಬರೋ ಎಂಬ ಚಿತ್ರಕಾರನು, ತನ್ನ ಅಣ್ಣನ ಮನೆಯಲ್ಲಿ ಬೆಳೆದು 1895ರಲ್ಲಿ ಸತ್ತುಹೋಗಿದ್ದ ನಿಪ್ಪರ್ ಎಂಬ ನಾಯಿಯು ಫೋನೋಗ್ರಾಫಿನ ಕಹಳೆಯಿಂದ ಬರುವ ತನ್ನ ಒಡೆಯನ ದನಿಗೆ ಕಿವಿಗೊಟ್ಟು ಕುಳಿತಂತೆ ಒಂದು ಪಟವನ್ನು ಬರೆದನು. ಅದರಲ್ಲಿದ್ದುದು ಎಡಿಸನ್ನನ ಉರುಳೆಯಂತ್ರ. ಆ ಯಂತ್ರದವರು ಪಟವನ್ನು ಕೊಳ್ಳಲಿಲ್ಲ. ಕಪ್ಪು ಕಹಳೆಗೆ ಬದಲು ಹಿತ್ತಾಳೆಯ ಕಹಳೆಯನ್ನು ಬರೆದರೆ ಪಟ ಬೆಳಗೀತೆಂದು ಅಂಥ ಕಹಳೆಯನ್ನು ಎರವಲು ಕೇಳಲು ಬರೋ ಗ್ರಾಮಾಫೋನ್ ಕಂಪೆನಿಗೆ ಹೋದಾಗ, ಅಲ್ಲಿನ ಮುಖ್ಯಸ್ಥ ಬ್ಯಾರಿ ಓವೆನ್ನನು, ಯಂತ್ರವನ್ನೇ ಅಳಿಸಿ ತಮ್ಮ ಯಂತ್ರವನ್ನು ಬರೆದುಕೊಟ್ಟರೆ ಪಟವನ್ನು ಕೊಳ್ಳುವೆನೆಂದನು. ಪಟಕ್ಕೆ 50 ಪೌಂಡು, ಹಕ್ಕಿಗೆ 50 ಪೌಂಡು. 1899ರಲ್ಲಿ ವ್ಯಾಪಾರ ಮುಗಿಯಿತು. ಓರೆಯಾಗಿ ಬೆಳಕು ಬಿದ್ದರೆ ಮೇಲಣ ಬಣ್ಣದಡಿಯಲ್ಲಿ ಹಳೆಯ ಯಂತ್ರದ ಆಕಾರ ಕಾಣುತ್ತದೆಂದು ಮೂಲಪಟವನ್ನು ನೋಡಿದವರು ಹೇಳುತ್ತಾರೆ.

ಈ ತಿದ್ದುಪಡಿಯಲ್ಲಿ ಪಟದ ಅರ್ಥವೇ ಕೆಟ್ಟಿತೆಂಬುದು ನನ್ನ ಆಕ್ಷೇಪಣೆ. ಎಡಿಸನ್ನನ ಉರುಳೆಯ ಮೇಲೆ ಮನೆಯವನು ತನ್ನ ದನಿಯನ್ನು ತಾನೇ ಬರೆಯಬಹುದಾಗಿತ್ತು. ಆದಕಾರಣ ನಾಯಿಯು ತನ್ನ ಒಡೆಯನ ದನಿಯನ್ನು ಅದರಿಂದ ಕೇಳಿ ಬೆರಗಾಗುವುದು ಸಂಭಾವ್ಯವಾದ ಸಂಗತಿ. ಬರ್ಲಿನರನ ಯಂತ್ರವೋ, ಕಾರ್ಖಾನೆಯಲ್ಲಿ ಒತ್ತಿ ಅಂಗಡಿಯಲ್ಲಿ ಮಾರಿದ ತಟ್ಟೆಯನ್ನಷ್ಟೇ ನುಡಿಸಬಲ್ಲುದು. ಆ ಬಡನಾಯಿಯ ಒಡೆಯನು ಪ್ರಸಿದ್ಧ ಗಾಯಕನೋ ನಗೆಗಾರನೋ ಆಗಿದ್ದ ಹೊರತು ಅದರ ಕಹಳೆಯಿಂದ ಅವನ ದನಿ ಬರುವುದು ದುಸ್ಸಾಧ್ಯ. ಗೃಹಸ್ಥನು ತನ್ನ ದನಿಯನ್ನು ಬರೆದಿಡುವ ಸ್ವಾತಂತ್ರ್ಯವನ್ನು ಅಳಿಸಿ, ಅದರ ಸ್ಥಾನದಲ್ಲಿ ಕೊಂಡು ಕೇಳುವ ವಿಧೇಯತೆಯನ್ನು ನಿಲ್ಲಿಸಿದ ಈ ಬಣ್ಣದ ಪದರವು, ಮುಂದಿನ ಅರ್ಧಶತಮಾನದ ಧ್ವನಿಮುದ್ರಣ ವ್ಯಾಪಾರದ ಸ್ವಭಾವವನ್ನು ಯಾವ ಚರಿತ್ರಕಾರನಿಗಿಂತಲೂ ಸ್ಪಷ್ಟವಾಗಿ ಸಾರುತ್ತದೆ.

ಮುದ್ರೆಯಾಗಿ ಅದು ಗೆದ್ದುದನ್ನು ಅಲ್ಲಗಳೆಯುವಂತಿಲ್ಲ. ಜಾನ್ಸನ್ನನು ಅದನ್ನು ಅಮೆರಿಕೆಯಲ್ಲಿ ಮೊದಲು ಎತ್ತಿ ಹಿಡಿದನು. ಲಂಡನ್ನಿನ ಕಂಪೆನಿ ಬಹುಕಾಲ ದೇವಶಿಶುವನ್ನೇ ನೆಚ್ಚಿಕೊಂಡಿದ್ದು, 1909ರಲ್ಲಿ ನಾಯಿಯನ್ನು ತಟ್ಟೆಯ ಮೇಲೆ ಕೂರಿಸಿತು. ಮರುವರ್ಷ ಇಂಗ್ಲೆಂಡಿನ ನ್ಯಾಯಾಲಯವು, ಗ್ರಾಮಾಫೋನೆಂಬುದು ಜನರ ಬಾಯಲ್ಲಿ ತಟ್ಟೆಯಂತ್ರಕ್ಕೆಲ್ಲ ಸಾಮಾನ್ಯನಾಮವಾಗಿ ಹೋದುದರಿಂದ ಒಂದು ಕಂಪೆನಿಯ ಸ್ವತ್ತಾಗಲಾರದೆಂದು ತೀರ್ಪಿತ್ತಿತು. ಅಮೆರಿಕೆಯಲ್ಲಿ ಕಲಹದಿಂದ ಹೋದ ಹೆಸರು ಇಂಗ್ಲೆಂಡಿನಲ್ಲಿ ಕೀರ್ತಿಯಿಂದ ಹೋಯಿತು. ಅಂದಿನಿಂದ ನಾಯಿಯೇ ಕಂಪೆನಿಯ ಸರ್ವಸ್ವ. ಪಾಥೆಯವರ ಹುಂಜ, ಓಡಿಯನ್ನಿನ ಗುಮ್ಮಟದ ನಾಟಕಶಾಲೆ, ಕೊಲಂಬಿಯದ ಜೋಡಿ ಸ್ವರಚಿಹ್ನೆ, ಇವು ಯಾವುವೂ ಅದರ ಹತ್ತಿರ ಸುಳಿಯಲಿಲ್ಲ. ನಮ್ಮ ಮನೆಗಳಲ್ಲಿಯೂ ಕೇಳುತ್ತಿದ್ದುದು ನಾಯಿ ಮಾರ್ಕಿನ ಪ್ಲೇಟನ್ನೇ.

ಆದರೆ ಸ್ವಾಮಿನಿಷ್ಠೆಗೆ ಹೆಸರಾದ ಈ ಪ್ರಾಣಿಗೆ ಒದಗಿದಷ್ಟು ಸ್ವಾಮಿಗಳು ಬೇರಾವ ನಾಯಿಗೂ ಒದಗಿರಲಾರರು. 1914ರ ಯುದ್ಧದಲ್ಲಿ ಕಂಪೆನಿಯ ಹ್ಯಾನೋವರಿನ ಶಾಖೆಯಾದ ಡಾಯಿಚೆ ಗ್ರಾಮೊಫೋನ್ ಶತ್ರುಸ್ವತ್ತೆಂದು ಜರ್ಮನರ ವಶವಾದುದರಿಂದ, ಅಲ್ಲಿ ನಾಯಿಯು 1949ರವರೆಗೆ ಆ ಶಾಖೆಯ ಆಸ್ತಿ. ತನ್ನದೇ ಲಾಂಛನವನ್ನು ಆ ದೇಶದಲ್ಲಿ ಬಳಸಲಾರದೆ ಲಂಡನ್ನಿನವರು ಎಲೆಕ್ಟ್ರೋಲವೆಂಬ ಹೊಸ ಹೆಸರು ಹುಡುಕಬೇಕಾಯಿತು. 1929ರಲ್ಲಿ ವಿಕ್ಟರ್ ಕಂಪೆನಿಯನ್ನು ಆರ್‌ಸಿಎ ಕೊಂಡಿತು, ಅಮೆರಿಕೆಯ ನಾಯಿ ಅದರದಾಯಿತು. ಜಪಾನಿನ ನಾಯಿ ಅಲ್ಲಿಯ ವಿಕ್ಟರ್ ಕಂಪೆನಿಯದು. ಉಳಿದುದು, 1931ರಲ್ಲಿ ಗ್ರಾಮಾಫೋನ್ ಕಂಪೆನಿಯೂ ಇಂಗ್ಲೆಂಡಿನ ಕೊಲಂಬಿಯವೂ ಕೂಡಿ ಆದ ಇಎಂಐಯದಾಯಿತು. ಅದೇ ಕೂಡಿಕೆಯಿಂದ ಕೊಲಂಬಿಯದ ಹೆಸರೂ ಸಾಗರದ ಎರಡು ದಡಗಳಲ್ಲಿ ಇಬ್ಬರ ಪಾಲಾಯಿತು. ಕೊನೆಗೆ 1953ರಲ್ಲಿ ಇಎಂಐ ತನ್ನ ತಟ್ಟೆಗಳನ್ನು ಅಮೆರಿಕೆಯಲ್ಲಿ ಮಾರಹೊರಟಾಗ ನಾಯಿಗೆ ಅಲ್ಲಿ ಪ್ರವೇಶವಿಲ್ಲ. ಮೂಲೆಗೆ ಸೇರಿದ್ದ ದೇವಶಿಶುವನ್ನೇ ಕರೆತಂದು ಏಂಜೆಲ್ ಎಂಬ ಹೆಸರಿನಲ್ಲಿ ಕಳುಹಿಸಬೇಕಾಯಿತು.

ನಾನು ನ್ಯಾಯನಿರ್ಣಯ ಮಾಡುವುದಾದರೆ ಮನ್ನಣೆ ಆ ಶಿಶುವಿಗೇ. ನಾಯಿಯ ಪಟ ಕೇಳುವವನನ್ನು ತೋರಿಸುತ್ತದೆ, ಅದೂ ಸೇವಕನನ್ನಾಗಿ. ಶಿಶುವಿನ ಪಟವು ದನಿಯನ್ನು ತಟ್ಟೆಯ ಮೇಲೆ ಬರೆಯುವ ಅದ್ಭುತವನ್ನು ತೋರಿಸುತ್ತದೆ. ಹಾಡುವವನು ಮಾತ್ರ ಎರಡರಲ್ಲಿಯೂ ಇಲ್ಲ. 1904ರಲ್ಲಿ ಗಾಯಕಿ ಮೆಲ್ಬಾಳ ತಟ್ಟೆಗಳಿಗೆ ಅವಳ ಹಸ್ತಾಕ್ಷರವಿದ್ದ ಬೇರೆ ಬಣ್ಣದ ಚೀಟಿಯನ್ನಂಟಿಸಿ ಒಂದು ಗಿನಿಗೆ ಮಾರಿದುದು ಅಪರೂಪದ ಅಪವಾದ. 1902ರಲ್ಲಿ ಕಂಪೆನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಮುದ್ರಿಸಿಕೊಂಡ ಗಾಯಕಿ ಗೌಹರ್ ಜಾನಳು, ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಕೂಗಿ ಹೇಳಿದಳು. ಹ್ಯಾನೋವರಿನ ಕಾರ್ಖಾನೆಯಲ್ಲಿ ತಟ್ಟೆಗೆ ಚೀಟಿ ಅಂಟಿಸುವ, ಅವಳ ಭಾಷೆಯನ್ನರಿಯದ ಕೆಲಸಗಾರರಿಗೆ ತಟ್ಟೆ ಯಾರದೆಂದು ತಿಳಿಯಲು ಅದು ನೆರವಾಗುತ್ತಿತ್ತು. ಕಂಪೆನಿಯ ಮುದ್ರೆಗೆ ನ್ಯಾಯಾಲಯದ ರಕ್ಷಣೆ, ಕಲಾವಿದೆಯ ಹೆಸರಿಗೆ ಅವಳ ಕಂಠವೇ ರಕ್ಷಣೆ. ಆಕೆ ಕೊನೆಯ ದಿನಗಳಲ್ಲಿ ಮೈಸೂರಿನ ಅರಮನೆಯ ಆಶ್ರಯ ಪಡೆದು, 1930ರ ಜನವರಿಯಲ್ಲಿ ಆ ಊರಿನಲ್ಲಿಯೇ ತೀರಿಕೊಂಡಳು.

ನಮ್ಮವರೇ ಆದ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಹೊರಟುವು. ಅದನ್ನು ತಿಳಿಯಲು ಆ ದುಂಡು ಕಾಗದವನ್ನೇ ಓದಬೇಕು. ಅಟ್ಟದ ಮೇಲೆ ಹಳೆಯ ತಟ್ಟೆಗಳನ್ನಿಟ್ಟುಕೊಂಡಿರುವವರು ಧೂಳು ಒರೆಸುವಾಗ ಅದಕ್ಕೆ ನೀರು ಸೋಕಿಸದಿರಲಿ. ಹಾಡನ್ನು ಹೊಸ ಯಂತ್ರಕ್ಕೆ ಇಳಿಸಿಕೊಳ್ಳುವವರು ಮುದ್ರೆಯ, ಹೆಸರಿನ, ಸಂಖ್ಯೆಯ ಚಿತ್ರವನ್ನೂ ತೆಗೆದಿಡಲಿ.