ಮಡುವಿನಲ್ಲಿ ಎಷ್ಟು ಮರಿ? ಹ್ಯಾಂಕಿನ್–ರೀವ್ಸ್ ಲೆಕ್ಕದ ಒಂದು ವಿಮರ್ಶೆ

ಕೀಳ್ ಕೋತಗಿರಿಯಲ್ಲಿ ಮಳೆ ಹಿಡಿದಿದೆ, ನೆಟ್‌ವರ್ಕ್ ಯಾವಾಗ ಬೇಕಾದರೂ ಹೋಗಬಹುದು. ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೇನೆ.

ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಡೇವಿಡ್ ಹ್ಯಾಂಕಿನ್ ಮತ್ತು ಗಾರ್ಡನ್ ರೀವ್ಸ್ 1988ರಲ್ಲಿ ಪ್ರಕಟಿಸಿದ ಲೇಖನ. ಒರೆಗಾನ್ ಕರಾವಳಿಯ ಕಮಿನ್ಸ್ ಕ್ರೀಕ್ ಎಂಬ ತೊರೆಯಲ್ಲಿ ಕೋಹೋ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಮರಿಗಳನ್ನು ಅಂದಾಜು ಮಾಡಿದ ಕೆಲಸ ಅದು. ನೀಲಗಿರಿಯವಳಿಗೆ ಇದು ಯಾಕೆ ಅಂತೀರಾ? ಸ್ಟೀಲ್‌ಹೆಡ್ ಅಂದರೆ ಸಮುದ್ರಕ್ಕೆ ಹೋಗಿಬರುವ ರೇನ್‌ಬೋ ಟ್ರೌಟ್. 1907ರಲ್ಲಿ ಎಚ್.ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿಕೇಂದ್ರ ಮಾಡಿ ನಮ್ಮ ಹೊಳೆಗಳಿಗೆ ಬಿಟ್ಟದ್ದೂ ಇದೇ ಜಾತಿ. ನಮ್ಮೂರ ಕಡೆಯ ಹಳ್ಳಗಳು ಚಹಾತೋಟದ ನಡುವೆ ಹರಿಯುವಂಥವು, ಟ್ರೌಟ್ ನೋಡಬೇಕಾದರೆ ಪಶ್ಚಿಮಕ್ಕೆ, ಅವಲಾಂಚಿ ಕಡೆಗೇ ಹೋಗಬೇಕು.

ಲೇಖನದ ದೊಡ್ಡ ಗುಣ ಮೊದಲು ಹೇಳಿಬಿಡ್ತೇನೆ. ಅದಕ್ಕೂ ಮುಂಚೆ ಸಾಮಾನ್ಯವಾಗಿ ಎರಡು ಮೂರು ಜಾಗ ಆರಿಸಿ, ಅಲ್ಲಿ ಬಹಳ ಜಾಗ್ರತೆಯಿಂದ ಮೀನು ಹಿಡಿದು, ಆ ಸಂಖ್ಯೆಯನ್ನು ಇಡೀ ತೊರೆಗೆ ಹಿಗ್ಗಿಸುತ್ತಿದ್ದರು. ಇವರಿಬ್ಬರು ಹೇಳಿದ್ದು: ತಪ್ಪಿನ ಹೆಚ್ಚಿನ ಪಾಲು ಹಿಡಿಯುವಲ್ಲಿಲ್ಲ, ಹಿಗ್ಗಿಸುವಲ್ಲಿದೆ. ಒಂದು ಮಡುವಿಗೂ ಪಕ್ಕದ ಮಡುವಿಗೂ ಅಷ್ಟು ವ್ಯತ್ಯಾಸ. ಆದ್ದರಿಂದ ತೊರೆಯನ್ನು ಮಡು, ಕಲ್ಲಿನ ಮೇಲೆ ನೀರು ಓಡುವ ಜಾಗ ಅಂತ ವಿಂಗಡಿಸಿ, ಮುಳುಗುಗಾರರಿಂದ ಅನೇಕ ಕಡೆ ಬೇಗ ಬೇಗ ಎಣಿಸಿ, ಅವುಗಳಲ್ಲಿ ಕೆಲವು ಕಡೆ ಮಾತ್ರ ವಿದ್ಯುತ್ ಹಾಯಿಸಿ ಮೀನು ಹಿಡಿದು, ಎರಡರ ಅನುಪಾತದಿಂದ ಮುಳುಗುಗಾರರ ಎಣಿಕೆಯನ್ನು ತಿದ್ದಬೇಕು. ಈ ಮಾತಿಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಆ ಅನುಪಾತದಲ್ಲಿ. ಹಿಡಿದ ಲೆಕ್ಕವನ್ನೇ ಅಲ್ಲಿ ನಿಜವಾದ ಸಂಖ್ಯೆ ಅಂತ ಇಟ್ಟುಕೊಳ್ಳುತ್ತಾರೆ. ಅದು ಬರುವುದು ಸುತ್ತು ಸುತ್ತಾಗಿ ಹಿಡಿದು, ಪ್ರತಿ ಸುತ್ತಿನಲ್ಲೂ ಉಳಿದವುಗಳ ಅಷ್ಟೇ ಪಾಲು ಸಿಗುತ್ತೆ ಎಂಬ ನಂಬಿಕೆಯಿಂದ. ಕೋಳಿ ಹಿಡಿಯಲು ಹೋದವರಿಗೆ ಗೊತ್ತು, ಮೊದಲು ಕೈಗೆ ಬರುವುದು ದಡ್ಡ ಕೋಳಿ. ಉಳಿದವು ಪೊದೆ ಸೇರಿರುತ್ತವೆ.

ಒಂದು ಊಹೆಯ ಲೆಕ್ಕ ನೋಡಿ. ಮಡುವಿನಲ್ಲಿ 200 ಮರಿ ಇವೆ ಅನ್ನೋಣ. ಮೊದಲ ಸುತ್ತಿನಲ್ಲಿ ಶೇ. 30, ಅಂದರೆ 60 ಸಿಕ್ಕವು. ಉಳಿದ 140 ಬೆದರಿ ಕಲ್ಲಿನಡಿ ಹೋದವು, ಎರಡನೇ ಸುತ್ತಿಗೆ ಶೇ. 21ರಷ್ಟು, ಅಂದರೆ 30 ಮಾತ್ರ. ಎರಡು ಸುತ್ತಿನ ಸೂತ್ರ 120 ಅನ್ನುತ್ತೆ. ಸಂಶಯಕ್ಕೆ ಮೂರನೇ ಸುತ್ತು ಹಾಕಿದೆವು, ಉಳಿದ 110ರಲ್ಲಿ 17 ಸಿಕ್ಕವು. ಅಂದಾಜು ಈಗ ಸುಮಾರು 125. ನೋಡಿದಿರಾ, ಮೂರನೇ ಸುತ್ತು ತಪ್ಪನ್ನು ಹಿಡಿಯಲಿಲ್ಲ, ಅದಕ್ಕೇ ಸಾಕ್ಷಿ ಹೇಳಿತು! ಇಂಥ ಮಡುಗಳಿಂದ ತೆಗೆದ ಅನುಪಾತ ಇಡೀ ತೊರೆಗೆ ಹರಡಿದರೆ, ಕಮ್ಮಿ ಅಂದಾಜೂ ಜೊತೆಗೇ ಹರಡುತ್ತೆ. ಎಷ್ಟು ಹೆಚ್ಚು ಮಡು ನೋಡಿದರೂ ದೋಷದ ಅಂಚು ಕಿರಿದಾಗುತ್ತೆ ಅಷ್ಟೆ, ಕೇಂದ್ರ ಸರಿಯಾಗಲ್ಲ.

ಇದು ನನ್ನ ಕಾಗದದ ಮೇಲಿನ ಆಟ ಮಾತ್ರ ಅಲ್ಲ. 2004ರಲ್ಲಿ ಪೀಟರ್‌ಸನ್, ಥುರೋ, ಗುಝೆವಿಚ್ ಬುಲ್ ಟ್ರೌಟ್ ಮತ್ತು ಕಟ್‌ತ್ರೋಟ್ ಟ್ರೌಟ್‌ಗಳಿಗೆ ಗುರುತು ಹಾಕಿ ಪರೀಕ್ಷಿಸಿದಾಗ, ಮೂರು ಸುತ್ತಿನ ವಿಧಾನ ಮೀನಿನ ಸಂಖ್ಯೆಯನ್ನು ನಿಜಕ್ಕಿಂತ ಕಡಿಮೆ ತೋರಿಸಿತು. ಲವಣ ಕಡಿಮೆ ಇರುವ ಬೆಟ್ಟದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದು. ಸಣ್ಣ ಮರಿಗೆ ದೊಡ್ಡ ಮೀನಿಗಿಂತ ಕಡಿಮೆ ತಗಲುತ್ತೆ. ನಮಗೆ ಎರಡೂ ಅಡ್ಡಿ.

ಏನು ಪಣಕ್ಕಿದೆ? ಶೋಲಾ ತೊರೆಯಲ್ಲಿ ಟ್ರೌಟ್ ಹೊರಗಿನದು. ಯಾರಾದರೂ ಅದನ್ನು ಒಂದು ತೊರೆಯಿಂದ ತೆಗೆಯಲು ಹೊರಟು, 125ರ ಲೆಕ್ಕ ಹಿಡಿದು 120 ತೆಗೆದರೆ, ಕೆಲಸ ಮುಗಿಯಿತು ಅಂತ ಬಲೆ ಮಡಚುತ್ತಾರೆ. 80 ಅಲ್ಲೇ ಇರ್ತವೆ.

ನನ್ನದೇ ಯೋಜನೆಯಲ್ಲೂ ಮೂರು ಸುತ್ತಿನ ಸೂತ್ರ ಬರೆದಿದ್ದೆ, ಅದನ್ನು ತೆಗೆದಿದ್ದೇನೆ. ಮಡುವಿನ ಎರಡೂ ತುದಿಗೆ ಬಲೆ ಕಟ್ಟಿ, ಮೊದಲು ಹಿಡಿದವುಗಳ ರೆಕ್ಕೆಯ ಅಂಚು ಕತ್ತರಿಸಿ ಬಿಟ್ಟು, ಮರುದಿನ ಅವುಗಳಲ್ಲಿ ಎಷ್ಟು ಮರಳಿ ಸಿಗುತ್ತವೆ ನೋಡುವುದು. ಇದರಲ್ಲೂ ತೊಂದರೆ ಇದೆ: ಬೆರಳುದ್ದವೂ ಇಲ್ಲದ ಮರಿಗೆ ಗುರುತು ಹಾಕುವುದು ಕಷ್ಟ, ಒಂದು ಮಡುವಿಗೆ ಎರಡು ದಿನ ಹೋಗುತ್ತೆ, ಆದ್ದರಿಂದ ಮಡುಗಳ ಸಂಖ್ಯೆ ಅರ್ಧ. ಅಲ್ಲಿ ಹ್ಯಾಂಕಿನ್–ರೀವ್ಸ್ ಎಚ್ಚರಿಕೆಯೇ ನನ್ನ ಮೇಲೆ ತಿರುಗುತ್ತೆ. ಎಂಟು ಮಡುವಾದರೂ ಬೇಕು ಅಂತ ನನ್ನ ಅನಿಸಿಕೆ. ಮೇಡಂ, ನಾಲ್ಕು ಸಾಕು ಅಂತ ನೀವು ಬರೆದಿದ್ದಿರಿ, ಅದನ್ನು ಈಗ ಚರ್ಚಿಸೋಣವೇ?